ಫೋಟೊದಲ್ಲಿ ವಿಶಾಲ ಹಾಲ್, ಹೋಗಿ ನೋಡಿದರೆ ಇಕ್ಕಟ್ಟು! ಒಳಾಂಗಣ ಛಾಯಾಗ್ರಹಣದ ಬಗ್ಗೆ 4 ನಂಬಿಕೆಗಳು ಮತ್ತು ನಿಜಾಂಶ

ಹೊಸ ಮನೆಯ ಗೃಹಪ್ರವೇಶ ಮುಗಿದಿದೆ. ಮಾಡ್ಯುಲರ್ ಕಿಚನ್, ಫಾಲ್ಸ್ ಸೀಲಿಂಗ್, ಟಿವಿ ಯೂನಿಟ್ ಎಲ್ಲವೂ ಸಿದ್ಧ. ಖುಷಿಯಿಂದ ಮೊಬೈಲಿನಲ್ಲಿ ನಾಲ್ಕು ಫೋಟೊ ತೆಗೆದರೆ ಕಿಟಕಿ ಬೆಳ್ಳಗೆ ಸುಟ್ಟಂತೆ, ಮೂಲೆ ಕಪ್ಪಗೆ, ಗೋಡೆ ಓರೆಯಾಗಿ ಕಾಣುತ್ತದೆ. ಇದರ ತದ್ವಿರುದ್ಧ ಅನುಭವವೂ ನಮಗಿದೆ. ಬಾಡಿಗೆ ಮನೆಯ ಜಾಹೀರಾತಿನಲ್ಲಿ ಮದುವೆ ಮಂಟಪದಷ್ಟು ದೊಡ್ಡದಾಗಿ ಕಂಡ ಹಾಲ್, ಹೋಗಿ ನೋಡಿದರೆ ಒಂದು ಸೋಫಾ ಇಟ್ಟರೆ ತುಂಬಿಹೋಗುವಷ್ಟೇ ಇರುತ್ತದೆ.

ಎರಡಕ್ಕೂ ಕಾರಣ ಒಂದೇ: ಕ್ಯಾಮೆರಾ ನಮ್ಮ ಕಣ್ಣಿನಂತೆ ನೋಡುವುದಿಲ್ಲ. ಇಂಟೀರಿಯರ್ ಡಿಸೈನರ್‌ಗಳು, ಹೋಮ್‌ಸ್ಟೇ ನಡೆಸುವವರು, ಮನೆ ಮಾರುವವರು ವೃತ್ತಿಪರ ಒಳಾಂಗಣ ಛಾಯಾಗ್ರಾಹಕರನ್ನು ಕರೆಸುವುದು ಇದೇ ಕಾರಣಕ್ಕೆ. ಈ ಕೆಲಸದ ಸುತ್ತ ಇರುವ ನಾಲ್ಕು ನಂಬಿಕೆಗಳನ್ನು ಒಂದೊಂದಾಗಿ ನೋಡೋಣ.

ನಂಬಿಕೆ 1: 200 ಮೆಗಾಪಿಕ್ಸೆಲ್ ಮೊಬೈಲ್ ಇದ್ದರೆ ಛಾಯಾಗ್ರಾಹಕರು ಬೇಡ

ಫೋಟೊವನ್ನು ಎಷ್ಟು ದೊಡ್ಡದಾಗಿ ಪ್ರಿಂಟ್ ಮಾಡಬಹುದು ಎಂಬುದಕ್ಕೆ ಮೆಗಾಪಿಕ್ಸೆಲ್ ಮುಖ್ಯ. ಬೆಳಕನ್ನು ಹೇಗೆ ನಿಭಾಯಿಸಬೇಕು ಎಂಬುದಕ್ಕೂ ಅದಕ್ಕೂ ಹೆಚ್ಚು ಸಂಬಂಧವಿಲ್ಲ. 50 ಮೆಗಾಪಿಕ್ಸೆಲ್‌ನ ಅನೇಕ ಮೊಬೈಲ್‌ಗಳು ನಾಲ್ಕು ಪಿಕ್ಸೆಲ್‌ಗಳನ್ನು ಒಂದಾಗಿಸಿ ಸುಮಾರು 12 ಮೆಗಾಪಿಕ್ಸೆಲ್ ಫೋಟೊವನ್ನೇ ಕೊಡುತ್ತವೆ.

ಮನೆಯೊಳಗಿನ ನಿಜವಾದ ಸವಾಲು ಬೆಳಕಿನ ವ್ಯತ್ಯಾಸ. ಹೊರಗಿನ ನೇರ ಬಿಸಿಲು ಸುಮಾರು 1 ಲಕ್ಷ ಲಕ್ಸ್ ಇದ್ದರೆ, ದೀಪ ಹಾಕಿದ ಕೋಣೆಯಲ್ಲಿ 100ರಿಂದ 300 ಲಕ್ಸ್ ಇರಬಹುದು. ಕಿಟಕಿ ನೋಡಿದಾಗ ಒಂದು ರೀತಿ, ಮೂಲೆ ನೋಡಿದಾಗ ಇನ್ನೊಂದು ರೀತಿ ನಮ್ಮ ಕಣ್ಣು ಹೊಂದಿಕೊಳ್ಳುತ್ತದೆ. ಕ್ಯಾಮೆರಾ ಎಲ್ಲವನ್ನೂ ಒಂದೇ ಏಟಿಗೆ ಹಿಡಿಯಬೇಕು. ಅದಕ್ಕೇ ಛಾಯಾಗ್ರಾಹಕರು ಟ್ರೈಪಾಡ್ ಇಟ್ಟು ಒಂದೇ ದೃಶ್ಯವನ್ನು ಬೇರೆಬೇರೆ ಎಕ್ಸ್‌ಪೋಶರ್‌ನಲ್ಲಿ ತೆಗೆದು ಜೋಡಿಸುತ್ತಾರೆ, ಇಲ್ಲವೇ ಫ್ಲ್ಯಾಶ್ ಬಳಸುತ್ತಾರೆ.

ಇದು ಹೊಸ ತಂತ್ರವೇನಲ್ಲ. 1960ರಲ್ಲಿ ಅಮೆರಿಕದ ಛಾಯಾಗ್ರಾಹಕ ಜೂಲಿಯಸ್ ಶುಲ್‌ಮನ್ ಲಾಸ್ ಏಂಜಲೀಸ್‌ನ ಗುಡ್ಡದ ಮೇಲಿನ ಗಾಜಿನ ಮನೆಯೊಂದರ ಚಿತ್ರ ತೆಗೆದರು. ಕೆಳಗಿನ ನಗರದ ದೀಪಗಳು ಮೂಡಲು ಸುಮಾರು 7 ನಿಮಿಷ ಲೆನ್ಸ್ ತೆರೆದಿಟ್ಟು, ಆಮೇಲೆ ಫ್ಲ್ಯಾಶ್ ಬೆಳಗಿಸಿ ಒಳಗೆ ಕುಳಿತಿದ್ದ ಇಬ್ಬರು ಯುವತಿಯರನ್ನು ಅದೇ ಫಿಲ್ಮಿನಲ್ಲಿ ಮೂಡಿಸಿದರು. ಆ ಚಿತ್ರ ಇಂದಿಗೂ ಪ್ರಸಿದ್ಧ.

ಇಂದಿನ ಮೊಬೈಲ್‌ಗಳೂ ಎಚ್‌ಡಿಆರ್ ಹೆಸರಿನಲ್ಲಿ ಇಂಥದ್ದೇ ಕೆಲಸವನ್ನು ಕ್ಷಣದಲ್ಲಿ ಮಾಡುತ್ತವೆ. ಆದರೆ ಯಾವ ಮೂಲೆ ಎಷ್ಟು ಬೆಳಗಬೇಕು ಎಂದು ಅಲ್ಲಿ ನಿರ್ಧರಿಸುವುದು ಸಾಫ್ಟ್‌ವೇರ್. ಕುಟುಂಬದ ಗ್ರೂಪಿಗೆ ಕಳಿಸಲು ಮೊಬೈಲ್ ಧಾರಾಳ ಸಾಕು. ಮುಂದಿನ ಗ್ರಾಹಕರು ನಿಮ್ಮ ಕೆಲಸವನ್ನು ಆ ಫೋಟೊ ನೋಡಿಯೇ ಅಳೆಯುತ್ತಾರೆ ಎಂದಾದರೆ ಮಾತ್ರ ವೃತ್ತಿಪರರ ಖರ್ಚಿಗೆ ಅರ್ಥವಿದೆ.

ನಂಬಿಕೆ 2: ವೈಡ್ ಲೆನ್ಸ್ ಹಾಕಿದಷ್ಟೂ ಒಳ್ಳೆಯದು

ಮೊಬೈಲಿನ ಅಲ್ಟ್ರಾವೈಡ್ ಲೆನ್ಸ್ ಬಹಳ ಅಗಲದ ನೋಟವನ್ನು ಪುಟ್ಟ ಪರದೆಗೆ ತುರುಕುತ್ತದೆ. ಹತ್ತಿರದ ವಸ್ತು ದೊಡ್ಡದಾಗಿ, ದೂರದ್ದು ತೀರಾ ಚಿಕ್ಕದಾಗಿ ಕಾಣುತ್ತದೆ. ಚಿಕ್ಕದಾಗಿ ಕಂಡದ್ದು ದೂರ ಇರಬೇಕು ಎಂದು ಮೆದುಳು ಲೆಕ್ಕ ಹಾಕುವುದರಿಂದ 10 ಅಡಿಯ ಕೋಣೆ 20 ಅಡಿ ಇದ್ದಂತೆ ಅನಿಸುತ್ತದೆ. ಅಂಚಿನಲ್ಲಿರುವ ಕುರ್ಚಿ, ಕುಂಡ ಎಳೆದಂತೆ ಅಗಲವಾಗುತ್ತವೆ.

ಅನುಭವಿಗಳು ಸಾಮಾನ್ಯವಾಗಿ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 24ರಿಂದ 35 ಎಂಎಂ ಲೆನ್ಸ್‌ಗಳನ್ನು ಹೆಚ್ಚು ನೆಚ್ಚಿಕೊಳ್ಳುತ್ತಾರೆ. ಕ್ಯಾಮೆರಾವನ್ನು ಮೇಲಕ್ಕೋ ಕೆಳಕ್ಕೋ ಬಾಗಿಸದೆ ಮಟ್ಟಸವಾಗಿ ಇಡುತ್ತಾರೆ. ಆಗ ಗೋಡೆ, ಬಾಗಿಲುಗಳ ಗೆರೆ ನೆಟ್ಟಗೆ ನಿಲ್ಲುತ್ತದೆ.

ಮನೆ ಹುಡುಕುವವರಿಗೆ ಒಂದು ಸುಲಭ ಉಪಾಯ: ಫೋಟೊದಲ್ಲಿ ನೆಲದ ಟೈಲ್ಸ್ ಎಣಿಸಿ. ನಮ್ಮಲ್ಲಿ 2 ಅಡಿಗೆ 2 ಅಡಿಯ ಟೈಲ್ಸ್ ತುಂಬಾ ಸಾಮಾನ್ಯ. ಅಂಥ ಟೈಲ್ಸ್ ಉದ್ದಕ್ಕೆ 6, ಅಗಲಕ್ಕೆ 5 ಇದ್ದರೆ ಕೋಣೆ 12ಕ್ಕೆ 10 ಅಡಿ. ಟೈಲ್ಸ್‌ನ ಅಳತೆಯನ್ನು ಮಾಲೀಕರನ್ನು ಕೇಳಿ ಖಚಿತಪಡಿಸಿಕೊಳ್ಳಿ. ಲೆನ್ಸ್ ಏನೇ ಇದ್ದರೂ ಟೈಲ್ಸ್ ಸಂಖ್ಯೆ ಬದಲಾಗುವುದಿಲ್ಲ.

ನಂಬಿಕೆ 3: ಏನೇ ಇದ್ದರೂ ಎಡಿಟಿಂಗ್‌ನಲ್ಲಿ ಸರಿಯಾಗುತ್ತದೆ

ಹಳದಿ ಬಲ್ಬ್ ಸುಮಾರು 3000 ಕೆಲ್ವಿನ್, ಹಗಲಿನ ಬೆಳಕು 5500 ಕೆಲ್ವಿನ್ ಅಥವಾ ಅದಕ್ಕಿಂತ ಹೆಚ್ಚು. ಎರಡೂ ಸೇರಿದರೆ ಒಂದೇ ಬಿಳಿ ಗೋಡೆಯ ಅರ್ಧ ಕಿತ್ತಳೆ, ಅರ್ಧ ನೀಲಿ. ಇದನ್ನು ಎಡಿಟಿಂಗ್‌ನಲ್ಲಿ ಸರಿಪಡಿಸುವುದು ತಲೆನೋವು. ದೀಪ ಆರಿಸುವುದು ಒಂದು ಸ್ವಿಚ್ಚಿನ ಕೆಲಸ. ಹಗಲಿನಲ್ಲಿ ಎಲ್ಲ ಲೈಟ್ ಆರಿಸಿ ಎಂದು ಛಾಯಾಗ್ರಾಹಕರು ಹೇಳಿದರೆ ಅಚ್ಚರಿ ಬೇಡ. ಮೋಡ ಕವಿದ ದಿನವೂ ಕೆಟ್ಟದ್ದಲ್ಲ. ಮೋಡದ ಬೆಳಕು ಮೃದುವಾಗಿದ್ದು, ಕಿಟಕಿಗೂ ಕೋಣೆಗೂ ಇರುವ ಅಂತರ ಕಡಿಮೆಯಾಗುತ್ತದೆ.

ಇನ್ನೊಂದು ಮಾತು. ನೇತಾಡುವ ಚಾರ್ಜರ್ ವೈರ್ ಅಳಿಸುವುದು ಬೇರೆ, ಗೋಡೆಯ ಬಿರುಕು, ತೇವದ ಕಲೆ, ಕಿಟಕಿಯಾಚೆಯ ವಿದ್ಯುತ್ ಕಂಬ ಅಳಿಸುವುದು ಬೇರೆ. ಮೊದಲನೆಯದು ಶುಚಿಗೊಳಿಸುವುದು, ಎರಡನೆಯದು ಸುಳ್ಳು. 2016ರ ರೇರಾ ಕಾಯ್ದೆಯ ಸೆಕ್ಷನ್ 12ರ ಪ್ರಕಾರ, ಬಿಲ್ಡರ್‌ನ ಜಾಹೀರಾತು ಅಥವಾ ಮಾದರಿ ಫ್ಲ್ಯಾಟ್‌ನ ಸುಳ್ಳು ಮಾಹಿತಿ ನಂಬಿ ಮುಂಗಡ ಕೊಟ್ಟು ನಷ್ಟ ಅನುಭವಿಸಿದವರು ಪರಿಹಾರ ಕೇಳಬಹುದು. ಫ್ಲ್ಯಾಟ್ ಕೊಳ್ಳುವಾಗ ಫೋಟೊಕ್ಕಿಂತ ಕಾರ್ಪೆಟ್ ಏರಿಯಾ ಎಷ್ಟೆಂದು ನೋಡಿ.

ನಂಬಿಕೆ 4: ಛಾಯಾಗ್ರಾಹಕರೇ ಯಾವಾಗಲೂ ಫೋಟೊದ ಮಾಲೀಕರು

ಇಂಟರ್ನೆಟ್‌ನಲ್ಲಿ ಕಾಣುವ ಅನೇಕ ಲೇಖನಗಳು ಅಮೆರಿಕದ ಕಾನೂನನ್ನು ಹೇಳುತ್ತವೆ. ಭಾರತದಲ್ಲಿ ಲೆಕ್ಕ ಬೇರೆ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯ ಸೆಕ್ಷನ್ 17ರಂತೆ, ಹಣ ಕೊಟ್ಟು ಫೋಟೊ ತೆಗೆಸಿದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ತೆಗೆಸಿದವರೇ ಅದರ ಮೊದಲ ಹಕ್ಕುದಾರರು. ಆದರೆ "ಬೇರೆ ಒಪ್ಪಂದ ಇಲ್ಲದಿದ್ದಲ್ಲಿ" ಎಂಬ ಮಾತೇ ಇಲ್ಲಿ ಮುಖ್ಯ. ಹಕ್ಕು ತಮ್ಮಲ್ಲೇ ಉಳಿಯುತ್ತದೆ, ನಿಮಗೆ ಬಳಕೆಯ ಅನುಮತಿ ಮಾತ್ರ ಎಂದು ಅನೇಕ ಛಾಯಾಗ್ರಾಹಕರು ಕರಾರಿನಲ್ಲಿ ಬರೆದಿರುತ್ತಾರೆ. ಅದು ತಪ್ಪೇನಲ್ಲ, ಓದದೆ ಸಹಿ ಹಾಕುವುದು ತಪ್ಪು. ಇನ್ನು "ನನ್ನ ಹೆಸರು ಹಾಕಿದರೆ ಸಾಕು, ಹಣ ಬೇಡ" ಎಂದು ಅವರು ತಾವಾಗಿಯೇ ತೆಗೆದುಕೊಟ್ಟ ಫೋಟೊಗಳ ಹಕ್ಕು ಸಾಮಾನ್ಯವಾಗಿ ಅವರದ್ದೇ.

ಕರೆಸುವ ಮುನ್ನ ಇಷ್ಟು ಗಮನಿಸಿ

- ಇನ್‌ಸ್ಟಾಗ್ರಾಮ್‌ನ ಒಂದು ಚೆಂದದ ಫೋಟೊ ನೋಡಿ ನಿರ್ಧರಿಸಬೇಡಿ. ಒಂದೇ ಮನೆಯ ಪೂರ್ತಿ ಚಿತ್ರಗಳನ್ನು ತೋರಿಸಲು ಕೇಳಿ. ಚಿಕ್ಕ ಬಾತ್‌ರೂಮ್‌ನ ಚಿತ್ರದಲ್ಲಿ ಕೈಚಳಕ ಗೊತ್ತಾಗುತ್ತದೆ.
- ಎಷ್ಟು ಚಿತ್ರ, ಎಷ್ಟು ದಿನದಲ್ಲಿ, ಎಲ್ಲೆಲ್ಲಿ ಬಳಸಬಹುದು, ಎಡಿಟಿಂಗ್ ಸೇರಿದೆಯೇ ಎಂಬುದು ಬರಹದಲ್ಲಿರಲಿ.
- ಯಾವ ಕೋಣೆಗೆ ಯಾವ ಹೊತ್ತಿನಲ್ಲಿ ಬೆಳಕು ಬರುತ್ತದೆ ಎಂದು ಮೊದಲೇ ತಿಳಿಸಿ. ಪೂರ್ವಕ್ಕೆ ಮುಖ ಮಾಡಿದ ಹಾಲ್‌ಗೆ ಸಂಜೆ 4ಕ್ಕೆ ಕರೆದರೆ ಬೆಳಗಿನ ಬಿಸಿಲು ಸಿಗದು.
- ಒಂದೊಂದು ಚಿತ್ರಕ್ಕೂ ಅರ್ಧ ಗಂಟೆ ಹಿಡಿಯಬಹುದು. ಗಂಟೆಯಲ್ಲಿ ಇಡೀ ಮನೆ ಮುಗಿಸಿ ಎಂದು ಒತ್ತಾಯಿಸಬೇಡಿ.
- ನೀವು ಡಿಸೈನರ್ ಆಗಿದ್ದರೆ ಮನೆಯವರ ಲಿಖಿತ ಒಪ್ಪಿಗೆ ಪಡೆಯಿರಿ. ಕುಟುಂಬದ ಫೋಟೊ, ಔಷಧಿ ಡಬ್ಬಿ, ವಿಳಾಸವಿರುವ ಕಾಗದ, ಲಾಕರ್ ಫ್ರೇಮಿನಲ್ಲಿ ಬಾರದಿರಲಿ. ಅದು ನಿಮಗೆ ಕೆಲಸದ ಮಾದರಿ, ಅವರಿಗೆ ಮಲಗುವ ಮನೆ.

ನಮ್ಮ ತೀರ್ಮಾನ

ಒಳಾಂಗಣ ಛಾಯಾಗ್ರಾಹಕರಿಗೆ ನಾವು ಕೊಡುವ ಹಣ ದುಬಾರಿ ಕ್ಯಾಮೆರಾಗೆ ಅಲ್ಲ. ಬೆಳಕಿಗಾಗಿ ಕಾಯುವ ತಾಳ್ಮೆಗೆ, ಕೋಣೆಯನ್ನು ಇದ್ದ ಹಾಗೆಯೇ ಚೆಂದವಾಗಿ ತೋರಿಸುವ ಕಣ್ಣಿಗೆ. ಹಿಗ್ಗಿಸಿ ತೋರಿಸಿದ ಫೋಟೊ ನೋಡಿ ಬಂದವರು ಬಾಗಿಲಲ್ಲೇ ಮುಖ ಸಪ್ಪಗೆ ಮಾಡುತ್ತಾರೆ. ಫೋಟೊದಲ್ಲಿ ಕಂಡದ್ದೇ ಎದುರಿಗೂ ಕಂಡರೆ ಅವರ ನಂಬಿಕೆ ಉಳಿಯುತ್ತದೆ. ಮುಂದಿನ ಸಲ ಮನೆಯ ಫೋಟೊ ಫಾರ್ವರ್ಡ್ ಮಾಡುವ ಮುನ್ನ ಒಮ್ಮೆ ಟೈಲ್ಸ್ ಎಣಿಸಿ ನೋಡಿ!