ಜಗಲಿಯ ಮಾತು: ತಮಟೆಯ ಋಣ

ಕಳೆದ ಭಾದ್ರಪದ ಮಾಸದ ಒಂದು ಸಂಜೆ ನಮ್ಮ ದೊಡ್ಡಬಳ್ಳಾಪುರದ ಬೀದಿಯೊಂದರಲ್ಲಿ ವಿನಾಯಕನ ಚಪ್ಪರದ ಮುಂದೆ ವಾದ್ಯಗೋಷ್ಠಿ ಏರ್ಪಟ್ಟಿದ್ದಿತು. ಹನ್ನೊಂದು ವರ್ಷದ ನನ್ನ ಮೊಮ್ಮಗನು ಹಟ ಹಿಡಿದುದರಿಂದ ನಾನೂ ಅವನ ಕೈ ಹಿಡಿದುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕುಳಿತೆನು. ಹಾಡುವವರ ಕಡೆಗೆ ಹುಡುಗನ ಲಕ್ಷ್ಯವೇ ಇರಲಿಲ್ಲ. ಅವನ ಕಣ್ಣು, ಹಿಂದುಗಡೆ ವಾದ್ಯಗಳ ಕೋಟೆಯೊಳಗೆ ಕುಳಿತಿದ್ದ ಡ್ರಮ್ ವಾದಕನ ಮೇಲೆಯೇ ನೆಟ್ಟಿದ್ದಿತು. ಕಾಲ ಬುಡದಲ್ಲಿ ಪೀಪಾಯಿಯಂತಹ ದೊಡ್ಡದೊಂದು, ಮೊಣಕಾಲುಗಳ ನಡುವೆ ತಳದಲ್ಲಿ ತಂತಿ ಕಟ್ಟಿದ ಚಿಕ್ಕದೊಂದು, ಎಡಬಲಗಳಲ್ಲಿ ಇನ್ನೂ ಮೂರು ನಾಲ್ಕು, ಮೇಲುಗಡೆ ಹಿತ್ತಾಳೆಯ ತಟ್ಟೆಗಳು, ಹುಡುಗನು ಬೆರಳು ಮಡಿಸುತ್ತ ಎಣಿಸಿ, "ತಾತ, ಒಟ್ಟು ಒಂಬತ್ತು! ಅಷ್ಟೊಂದು ಇಟ್ಟುಕೊಂಡವನೇ ಎಲ್ಲರಿಗಿಂತ ದೊಡ್ಡ ವಾದಕ, ಅಲ್ಲವೆ?" ಎಂದು ಕೇಳಿದನು.

ಮಕ್ಕಳ ಪ್ರಶ್ನೆಗೆ ಅರ್ಧ ಉತ್ತರವನ್ನು ಕೊಡಬಾರದೆಂಬುದು ಮೂವತ್ತೈದು ವರ್ಷ ಪಾಠ ಹೇಳಿದವನ ಅನುಭವ. ಆದುದರಿಂದ ಮನೆಗೆ ಬಂದ ಮೇಲೆ ಜಗಲಿಯಲ್ಲಿ ಕುಳಿತು ಪೂರ್ತಿಯಾಗಿ ಹೇಳಲು ಹೊರಟೆನು. ಹೇಳುತ್ತ ಹೇಳುತ್ತ, ನಾನು ತೀರಿಸದೆ ಇಟ್ಟುಕೊಂಡಿದ್ದ ಒಂದು ಹಳೆಯ ಸಾಲವು ಎದುರಿಗೆ ಬಂದು ನಿಂತಿತು. ಅದನ್ನು ಓದುಗರ ಮುಂದೆಯೂ ಇಡುವುದೇ ಈ ತಿಂಗಳ ಮಾತು.

ಮೊದಲು ಹುಡುಗನ ಲೆಕ್ಕದ ವಿಚಾರ. ಪಾಶ್ಚಾತ್ಯರಲ್ಲಿ ಪೂರ್ವದಲ್ಲಿ ದೊಡ್ಡ ಡ್ರಮ್ಮನ್ನು ಒಬ್ಬನೂ ಚಿಕ್ಕದನ್ನು ಮತ್ತೊಬ್ಬನೂ ತಾಳದ ತಟ್ಟೆಗಳನ್ನು ಮಗದೊಬ್ಬನೂ ಹಿಡಿದು ಬಾರಿಸುತ್ತಿದ್ದರು. ಕಾಲಿನಿಂದ ತುಳಿದು ದೊಡ್ಡದನ್ನು ನುಡಿಸುವ ಮೆಟ್ಟುಗೋಲನ್ನು 1909ರಲ್ಲಿ ಅಮೆರಿಕದ ಲುಡ್ವಿಗ್ ಎಂಬಾತನು ಸುಧಾರಿಸಿ ಮಾರಾಟಕ್ಕೆ ತಂದನು. ಕಾಲಿಗೂ ಕೆಲಸ ಸಿಕ್ಕಿತಾದ ಕಾರಣ, ಮೂವರ ಕೆಲಸವನ್ನು ಕುಳಿತಲ್ಲಿಯೇ ಒಬ್ಬನು ಮಾಡುವಂತಾಯಿತು. ಡ್ರಮ್ ಸೆಟ್ಟೆಂಬುದು ಹೀಗೆ ಬೆಳೆದುದು. ಆದರೆ ಬೀಟಲ್ಸ್ ಎಂಬ ಜಗತ್ಪ್ರಸಿದ್ಧ ಇಂಗ್ಲಿಷ್ ಮೇಳದ ರಿಂಗೋ ಸ್ಟಾರ್ ಎಂಬ ವಾದಕನು 1964ರಲ್ಲಿ ಅಮೆರಿಕವನ್ನು ಬೆರಗುಗೊಳಿಸಿದಾಗ ಅವನ ಮುಂದೆ ಇದ್ದ ಡ್ರಮ್ಮುಗಳು ನಾಲ್ಕೇ ನಾಲ್ಕು. ಹುಟ್ಟಿನಿಂದ ಎಡಚನಾದ ಅವನು ಬಲಗೈಯವರಿಗೆಂದು ಜೋಡಿಸಿದ ಕ್ರಮದಲ್ಲಿಯೇ ನುಡಿಸಿದುದರಿಂದ ಅವನ ನುಡಿಸಾಣಿಕೆಗೆ ಬೇರಾರಿಗೂ ಇಲ್ಲದ ಒಂದು ತಿರುವು ಬಂದಿತೆಂದು ಬಲ್ಲವರು ಹೇಳುತ್ತಾರೆ. ಆದುದರಿಂದ ದೊಡ್ಡತನವು ವಾದ್ಯಗಳ ಎಣಿಕೆಯಲ್ಲಿ ಇಲ್ಲವೆಂದೆನು.

"ಹಾಗಾದರೆ ನಮ್ಮಲ್ಲಿ ಇಂಥ ಸೆಟ್ಟು ಇರಲೇ ಇಲ್ಲವೆ?" ಎಂದು ಹುಡುಗನು ಕೇಳಿದನು. ಇದ್ದಿತು. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ವಾದ್ಯಗಳನ್ನು ತತ, ಸುಷಿರ, ಘನ, ಅವನದ್ಧವೆಂದು ನಾಲ್ಕು ಬಗೆಯಾಗಿ ವಿಂಗಡಿಸುತ್ತಾನೆ. ತೊಗಲನ್ನು ಬಿಗಿದುದು ಅವನದ್ಧ. ಅದರಲ್ಲಿ ಪುಷ್ಕರವೆಂಬುದು ಮೂರು ಮದ್ದಳೆಗಳ ಒಂದು ಜೋಡಣೆ: ತೊಡೆಯ ಮೇಲೆ ಅಡ್ಡವಾಗಿ ಮಲಗಿದುದು ಆಂಕಿಕ, ನೆಟ್ಟಗೆ ನಿಂತುದು ಊರ್ಧ್ವಕ, ತಬ್ಬಿಕೊಂಡಂತೆ ಇರುವುದು ಆಲಿಂಗ್ಯ. ಇದರ ಹುಟ್ಟಿನ ಕಥೆಯು ಬಹು ಸೊಗಸಾದುದು. ಸ್ವಾತಿಯೆಂಬ ಋಷಿಯು ಅನಧ್ಯಾಯದ ದಿನ, ಎಂದರೆ ಪಾಠಕ್ಕೆ ರಜವಿದ್ದ ದಿನ, ನೀರು ತರಲು ಸರೋವರಕ್ಕೆ ಹೋದನಂತೆ. ಅಷ್ಟರಲ್ಲಿ ಮಳೆ ಹೊಯ್ಯಿತು. ದೊಡ್ಡ, ನಡುತರದ, ಚಿಕ್ಕ ತಾವರೆಯೆಲೆಗಳ ಮೇಲೆ ಹನಿಗಳು ಬಿದ್ದಾಗ ಒಂದೊಂದರಿಂದ ಒಂದೊಂದು ಬಗೆಯ ನಾದ ಹೊಮ್ಮಿತು. ಅದನ್ನು ಮನಸ್ಸಿನಲ್ಲಿ ತುಂಬಿಕೊಂಡು ಆಶ್ರಮಕ್ಕೆ ಬಂದು ವಿಶ್ವಕರ್ಮನ ನೆರವಿನಿಂದ ಮದ್ದಳೆಗಳನ್ನು ಮಾಡಿಸಿದನಂತೆ. ರಜದ ದಿನದಲ್ಲಿಯೇ ದೊಡ್ಡ ವಿದ್ಯೆಯೊಂದು ಹುಟ್ಟಿತೆಂಬ ಮಾತು ಹುಡುಗನಿಗೆ ಅತ್ಯಂತ ರುಚಿಸಿತೆಂದು ಬೇರೆ ಹೇಳಬೇಕಾದುದಿಲ್ಲ.

ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಈ ಮದ್ದಳೆಗಳ ಶ್ರುತಿಯನ್ನು ಕೂಡಿಸಲು ತೊಗಲಿಗೆ ನದೀತೀರದ ಮಣ್ಣನ್ನು ಲೇಪಿಸಬೇಕೆಂದು ಭರತನು ವಿಧಿಸುತ್ತಾನೆ. ಅದಕ್ಕೆ ಮಾರ್ಜನವೆಂದು ಹೆಸರು. ಇಂದಿನ ಮೃದಂಗದ ಬಲಮುಖದಲ್ಲಿ ಕಿಟ್ಟದ ಕಲ್ಲಿನ ಪುಡಿಯನ್ನು ಅನ್ನದೊಡನೆ ಅರೆದು ಹಚ್ಚುವ ಕರಣೆಯೂ, ಎಡಮುಖಕ್ಕೆ ಕಚೇರಿಗೆ ಮುಂಚೆ ಮೆತ್ತಿ ಮುಗಿದ ಮೇಲೆ ಕೆರೆದು ತೆಗೆಯುವ ರವೆಯ ಕಣಕವೂ ಇದೇ ಕುಲಕ್ಕೆ ಸೇರಿದುವು. ಎಂದರೆ, ಮದ್ದಳೆಯು ನುಡಿಯುವುದು ಬಡಿಯುವ ಕೈಯಿಂದ ಮಾತ್ರವೇ ಅಲ್ಲ. ಅದಕ್ಕೆ ಮುಂಚೆ ಅದನ್ನು ಸಿದ್ಧಪಡಿಸಿದ ಕೈಯಿಂದಲೂ ಹೌದು.

ನಮ್ಮ ಸಮೀಪದ ನಿದರ್ಶನವೊಂದನ್ನು ಕೊಡುತ್ತೇನೆ. ಬೆಂಗಳೂರಿನಲ್ಲಿ ನೆಲೆಸಿರುವ ವಿದುಷಿ ಸುಕನ್ಯಾ ರಾಮಗೋಪಾಲ್ ಅವರು ಘಟವಾದನದಲ್ಲಿ ಪ್ರಖ್ಯಾತರು. ಹೆಂಗಸರು ಘಟವನ್ನು ಮುಟ್ಟುವ ರೂಢಿಯೇ ಇಲ್ಲದಿದ್ದ ಕಾಲದಲ್ಲಿ ವಿಕ್ಕು ವಿನಾಯಕರಾಮ್ ಅವರಲ್ಲಿಯೂ ಅವರ ತಂದೆ ಹರಿಹರ ಶರ್ಮರಲ್ಲಿಯೂ ಕಲಿತವರು. ಘಟಕ್ಕೆ ಬಿಗಿಯುವ ಹಗ್ಗವಿಲ್ಲ, ಸಡಿಲಿಸುವ ಗಟ್ಟಿಯಿಲ್ಲ. ಆವಿಗೆಯಲ್ಲಿ ಬೆಂದಾಗ ಯಾವ ಶ್ರುತಿ ಬಂದಿತೋ ಅದೇ ಅದರ ಆಯುಷ್ಯದ ಶ್ರುತಿ. ಆದುದರಿಂದ ಈ ವಿದುಷಿಯರು ಬೇರೆ ಬೇರೆ ಶ್ರುತಿಯ ಆರೇಳು ಘಟಗಳನ್ನು ಮುಂದಿರಿಸಿಕೊಂಡು ರಾಗವನ್ನೇ ನುಡಿಸುತ್ತಾರೆ. ಇದಕ್ಕೆ ಘಟತರಂಗವೆಂದು ಹೆಸರು. ಇವರಿಗೆ 2014ನೆಯ ಸಾಲಿನ ಸಂಗೀತ ನಾಟಕ ಅಕಾಡೆಮಿಯ ಪುರಸ್ಕಾರವು ಸಂದಿತು. ತಮಿಳುನಾಡಿನ ಮಾನಾಮದುರೆಯಲ್ಲಿ ಘಟಗಳನ್ನು ತಟ್ಟುವ ಕುಂಬಾರ ಮನೆತನದ ಮೀನಾಕ್ಷಿ ಎಂಬ ತಾಯಿಗೂ ಅದೇ ಅಕಾಡೆಮಿಯ ಪುರಸ್ಕಾರವು ದೊರೆಯಿತು. ಹಸಿಯ ಮಡಕೆಯನ್ನು ಒಳಗೆ ಕಲ್ಲು ಹಿಡಿದು ಹೊರಗೆ ಮರದ ಹಲಗೆಯಿಂದ ಸಾವಿರಾರು ಸಲ ತಟ್ಟಿದ ಹೊರತು ಅದು ಘಟವಾಗದು. ನುಡಿಸಿದವರಿಗೂ ಮಾಡಿದವರಿಗೂ ಒಂದೇ ಮರ್ಯಾದೆ; ಇದು ನ್ಯಾಯವಾದ ತೂಕ.

ಆದರೆ ಈ ತೂಕವು ಎಲ್ಲ ಕಾಲದಲ್ಲಿಯೂ ಸಿಕ್ಕುವುದಿಲ್ಲ. ಪಾಲ್ಘಾಟ್ ಮಣಿ ಅಯ್ಯರವರ ಹೆಸರನ್ನು ಕೇಳದ ಸಂಗೀತರಸಿಕರು ಇಲ್ಲ. 1912ರಿಂದ 1981ರವರೆಗೆ ಬಾಳಿದ ಆ ಮಹನೀಯರು ಮೃದಂಗಕ್ಕೆ ತಂದ ಗೌರವವು ಅಪಾರವಾದುದು. ಆದರೆ ಅವರ ಮೃದಂಗಗಳಿಗೆ ತೊಗಲನ್ನು ಆಯ್ದು, ಹದಮಾಡಿ, ಮುಚ್ಚಿಗೆಗಳನ್ನು ಕಟ್ಟಿ ಕೊಡುತ್ತಿದ್ದ ತಂಜಾವೂರಿನ ಪರ್ಲಾಂಡು ಎಂಬ ಕುಶಲಿಯ ಹೆಸರನ್ನು ಎಷ್ಟು ಜನ ಕೇಳಿದ್ದೇವೆ? ಟಿ. ಎಂ. ಕೃಷ್ಣ ಅವರು 2020ರಲ್ಲಿ ಮೃದಂಗ ಮಾಡುವವರನ್ನು ಕುರಿತೇ ಒಂದು ಗ್ರಂಥವನ್ನು ಬರೆದ ಮೇಲೆ ನನ್ನಂಥವರ ಕಿವಿಗೆ ಅದು ಬಿದ್ದಿತು. ಮೃದಂಗಕ್ಕೆ ಹಸುವಿನ, ಮೇಕೆಯ, ಎಮ್ಮೆಯ ತೊಗಲುಗಳು ಮೂರೂ ಬೇಕು. ಆ ತೊಗಲನ್ನು ಮುಟ್ಟಿದ ಕೈಯನ್ನು ನಾವು ದೂರವಿರಿಸಿದೆವು. ಅದೇ ತೊಗಲಿನ ನಾದವನ್ನು ಮಾತ್ರ ದೇವರ ಸನ್ನಿಧಿಯವರೆಗೆ ಬರಮಾಡಿಕೊಂಡೆವು.

ಇಷ್ಟನ್ನು ಹೇಳುವಷ್ಟರಲ್ಲಿ ಹುಡುಗನು, "ತಾತ, ನಮ್ಮೂರ ಕಡೆ ತೊಗಲನ್ನು ಬಿಗಿಯುವವರು ಯಾರು? ನಿಮಗೆ ಯಾರಾದರೂ ಗೊತ್ತೆ?" ಎಂದು ಕೇಳಿದನು. ನಾನು ಸ್ವಲ್ಪ ಹೊತ್ತು ಮಾತನಾಡಲಿಲ್ಲ.

ಸುಮಾರು ಮೂವತ್ತು ವರ್ಷಗಳ ಹಿಂದೆ ನಾನು ಹೊಸಕೋಟೆಯ ಸೀಮೆಯ ಒಂದು ಹಳ್ಳಿಯಲ್ಲಿ ಉಪಾಧ್ಯಾಯನಾಗಿದ್ದೆನು. ಏಳನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದನು. ಕೊನೆಯ ಬೆಂಚಿನಲ್ಲಿ ಕುಳಿತು ಎರಡು ಕಡ್ಡಿಗಳಿಂದ ಹಲಗೆಯ ಮೇಲೆ ಮೆಲ್ಲಗೆ ಬಾರಿಸುತ್ತಿದ್ದನು. ಅವನ ತಂದೆ ಊರ ಹಬ್ಬದಲ್ಲಿ ತಮಟೆ ಬಾರಿಸುವಾತನು. ಒಂದು ದಿನ ನಾನು ಶಬ್ದರೂಪಗಳನ್ನು ಹೇಳಿಕೊಡುತ್ತಿದ್ದಾಗ ಆ ಸದ್ದು ಕೇಳಿಸಿತು. ಸಿಟ್ಟು ಬಂದಿತು. "ಇದು ಪಾಠಶಾಲೆ, ನಿಮ್ಮ ಕೇರಿಯಲ್ಲ" ಎಂದುಬಿಟ್ಟೆನು. ತರಗತಿಯೆಲ್ಲ ನಕ್ಕಿತು. ಹುಡುಗನು ಕಡ್ಡಿಗಳನ್ನು ಕೆಳಗಿಟ್ಟನು. ನಾಲ್ಕು ದಿನ ಶಾಲೆಗೆ ಬರಲಿಲ್ಲ. ಐದನೆಯ ದಿನ ಬಂದನು. ಮತ್ತೆಂದಿಗೂ ಹಲಗೆಯನ್ನು ಬಾರಿಸಲಿಲ್ಲ.

ಅದೇ ವರ್ಷ ಊರ ಜಾತ್ರೆಯ ರಾತ್ರಿ ಅವನ ತಂದೆಯನ್ನು ಕಂಡೆನು. ದೇವಸ್ಥಾನದ ಪ್ರಾಕಾರದ ಹೊರಗೆ, ಹುಲ್ಲಿನ ಬೆಂಕಿಯ ಮುಂದೆ ಕುಳಿತು ತಮಟೆಯನ್ನು ಕಾಯಿಸುತ್ತಿದ್ದನು. ಏಕೆಂದು ವಿಚಾರಿಸಿದೆನು. "ಮಂಜು ಬಿದ್ರೆ ತೊಗಲು ಸಡ್ಲಾಗ್ತದೆ ಸ್ವಾಮಿ. ಹುಲ್ಲಿನ ಉರಿ ಹದವಾದ್ದು. ಸೌದೆ ಉರಿ ತೋರಿಸ್ದ್ರೆ ಬಿರೀತದೆ" ಎಂದನು. ಕಾಯಿಸುವುದು, ಬೆರಳಿನಿಂದ ತಟ್ಟಿ ಕಿವಿಗೊಡುವುದು, ಮತ್ತೆ ಕಾಯಿಸುವುದು. ಆಮೇಲೆ ಒಂದು ಕೈಯಲ್ಲಿ ತೆಳುವಾದ ಉದ್ದನೆಯ ಕಡ್ಡಿ, ಇನ್ನೊಂದರಲ್ಲಿ ಗಿಡ್ಡನೆಯ ದಪ್ಪ ಕೋಲು ಹಿಡಿದು ಎದ್ದು ನಿಂತನು. ಒಂದು ಬಳೆ, ಒಂದು ತೊಗಲು, ಎರಡು ಕೋಲು, ಒಂದು ಹಿಡಿ ಹುಲ್ಲು. ಅವನ ವಾದ್ಯಸಂಭಾರವೆಲ್ಲ ಇಷ್ಟೇ. ಆ ರಾತ್ರಿ ತೇರು ಕದಲಿದುದು ಆ ಸದ್ದಿಗೇ ಎಂದರೆ ಅತಿಶಯೋಕ್ತಿಯಲ್ಲ. ಮಾರ್ಜನವೆಂಬ ಶಬ್ದಕ್ಕೆ ವ್ಯುತ್ಪತ್ತಿಯನ್ನು ಬಲ್ಲವನು ನಾನು. ಅದರ ಅರ್ಥವನ್ನು ಬಲ್ಲವನು ಅವನು. ಆತನು ಪ್ರಾಕಾರದ ಹೊರಗೆ ನಿಂತಿದ್ದನು. ನಾನು ಒಳಗೆ ಹೋಗಿ ತೀರ್ಥ ತೆಗೆದುಕೊಂಡು ಬಂದೆನು. ಅವನ ಮಗನಿಗೆ ಆಡಿದ ಮಾತಿಗೆ ಕ್ಷಮೆ ಕೇಳಬೇಕೆಂದು ತೋರಿತು; ಕೇಳಲಿಲ್ಲ.

2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದರಾದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಪ್ರಶಸ್ತಿಯು ಬಂದಿತೆಂಬ ವಾರ್ತೆಯನ್ನು ಓದಿದಾಗ ನಮ್ಮ ನೆರೆಯ ಜಿಲ್ಲೆಯವರೆಂದು ಹಿಗ್ಗಿದೆನು. ಹಿಗ್ಗಿದ ಮರುಕ್ಷಣದಲ್ಲಿಯೇ ಆ ಕೊನೆಯ ಬೆಂಚು ಕಣ್ಣ ಮುಂದೆ ಬಂದಿತು. ಆಗಲೂ ಸುಮ್ಮನಿದ್ದೆನು. ಈಗ ಮೊಮ್ಮಗನು ಕೇಳಿದ ಮೇಲೆ ಸುಮ್ಮನಿರಲಾಗಲಿಲ್ಲ. ಆಶ್ವಯುಜದಲ್ಲಿ ಒಂದು ಭಾನುವಾರ ಅವನನ್ನು ಕರೆದುಕೊಂಡು ಆ ಹಳ್ಳಿಗೆ ಹೋದೆನು.

ಹುಡುಗನು ಈಗ ನಾಲ್ವತ್ತು ದಾಟಿದ ಗೃಹಸ್ಥ, ಲಾರಿ ಇಟ್ಟುಕೊಂಡಿದ್ದಾನೆ. ತಂದೆ ತೀರಿಕೊಂಡು ಬಹಳ ವರ್ಷವಾಯಿತಂತೆ. ನನ್ನನ್ನು ಗುರುತು ಹಿಡಿದು ಕುರ್ಚಿ ಹಾಕಿದನು. ನಾನು ಬಂದ ಕಾರಣವನ್ನು ಹೇಳಿ, ಅಂದು ಆಡಿದ ಮಾತು ತಪ್ಪೆಂದೆನು. ಅವನು ತಲೆ ಬಗ್ಗಿಸಿಕೊಂಡು ಸ್ವಲ್ಪ ಹೊತ್ತಿದ್ದು, "ಮೇಷ್ಟ್ರೆ, ತಮಟೆ ಬಿಟ್ಟಿದ್ದು ನಿಮ್ಮ ಮಾತಿಗಲ್ಲ. ಊರಲ್ಲಿ ಯಾರು ಸತ್ರೂ ಅಪ್ಪ ಉಣ್ಣೋದು ಬಿಟ್ಟು ಎದ್ದು ಹೋಗ್ಬೇಕಾಗಿತ್ತು. ಬರಲ್ಲ ಅನ್ನೋ ಹಾಗಿರ್ಲಿಲ್ಲ. ಅದು ನನಗೆ ಬೇಡ ಅನ್ನಿಸ್ತು" ಎಂದನು. ಆಮೇಲೆ ತಡೆದು, "ನಿಮ್ಮ ಮಾತು ಮಾತ್ರ ಮರೆತಿಲ್ಲ" ಎಂದನು.

ಕಲೆಯನ್ನು ಬಿಡಬೇಡವಪ್ಪಾ ಎಂದು ಉಪದೇಶ ಮಾಡಬೇಕೆಂದು ನಾನು ದಾರಿಯುದ್ದಕ್ಕೂ ಮಾತುಗಳನ್ನು ಜೋಡಿಸಿಕೊಂಡು ಹೋಗಿದ್ದೆನು. ಒಂದನ್ನೂ ಆಡಲಿಲ್ಲ. ಒಲ್ಲೆನೆನ್ನುವ ಸ್ವಾತಂತ್ರ್ಯವಿಲ್ಲದೆ ನುಡಿಸುವುದು ಬಿಟ್ಟಿಚಾಕರಿಯೇ ಹೊರತು ಕಲೆಯಲ್ಲವೆಂಬುದನ್ನು ನಾನು ಅವನಿಂದ ಕಲಿತೆನು. ಮುನಿವೆಂಕಟಪ್ಪನವರು ಎಲ್ಲರೂ ನೋಡುವಂತೆ ವೇದಿಕೆಯ ಮೇಲೆ ತಮಟೆಯನ್ನು ನುಡಿಸಿ ಗೌರವ ಪಡೆದರು. ಇವನು ಅದನ್ನು ಕೆಳಗಿಟ್ಟು ಗೌರವವನ್ನು ಉಳಿಸಿಕೊಂಡನು. ಇಬ್ಬರೂ ಸರಿ.

ನನ್ನ ಮೊಮ್ಮಗನು ತಮಟೆಯನ್ನು ನೋಡಬೇಕೆಂದನು. ಅವನು ಅಟ್ಟದಿಂದ ಇಳಿಸಿ ತಂದನು. ತೊಗಲನ್ನು ಇಲಿ ಕಡಿದುಹಾಕಿದ್ದಿತು. ಬಳೆ ಮಾತ್ರ ಉಳಿದಿದ್ದಿತು. ಈಗ ನಮ್ಮ ಕಡೆ ಮೆರವಣಿಗೆಗಳಲ್ಲಿ ಕಾಣುವ ತಮಟೆಗಳು ಬಹುಮಟ್ಟಿಗೆ ಪ್ಲಾಸ್ಟಿಕ್ ಹೊದಿಕೆಯವು. ತಿರುಪುಗಳಿಂದ ಬಿಗಿಯುತ್ತಾರೆ, ಹುಲ್ಲೂ ಬೇಡ ಉರಿಯೂ ಬೇಡ. ಹುಡುಗನು ಆ ಬಳೆಯನ್ನು ತಿರುಗಿಸಿ ತಿರುಗಿಸಿ ನೋಡಿದನು. ಎಷ್ಟು ವಾದ್ಯಗಳೆಂದು ಈ ಸಲ ಎಣಿಸಲಿಲ್ಲ. "ಕಾಫಿ ಕುಡೀತೀರಾ ಮೇಷ್ಟ್ರೆ?" ಎಂದು ಆ ಮನೆಯಾತನು ಕೇಳಿದನು, ಕೇಳುವಾಗ ನನ್ನ ಮುಖವನ್ನೇ ನೋಡುತ್ತಿದ್ದನು. ಕುಡಿದೆವು.

ವಾಚಕ ಮಹಾಶಯರೆ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳ ನಮ್ಮ ಸೀಮೆಯಲ್ಲಿ ತಮಟೆಯಿಲ್ಲದೆ ಊರ ಹಬ್ಬವಿಲ್ಲ, ಕರಗವಿಲ್ಲ, ಮೆರವಣಿಗೆಯಿಲ್ಲ. ಅಸ್ಪೃಶ್ಯತೆಯು ಅಪರಾಧವೆಂದು ನಮ್ಮ ಸಂವಿಧಾನವು 1950ರಲ್ಲಿಯೇ ಸಾರಿತು. ಮನೆಯ ಹೊಸ್ತಿಲಿನಲ್ಲಿ ಅದನ್ನು ಸಾರಬೇಕಾದವರು ಗೃಹಸ್ಥರು. ಇನ್ನು ಮುಂದೆ ನಿಮ್ಮ ಮನೆಯ ಶುಭಕಾರ್ಯಕ್ಕೆ ವಾದ್ಯದವರು ಬಂದಾಗ ಮೊದಲು ಅವರ ಹೆಸರನ್ನು ಕೇಳಿರಿ. ಮಿಕ್ಕವರಿಗೆ ಕೊಟ್ಟ ಲೋಟದಲ್ಲಿಯೇ ನೀರು ಕೊಡಿರಿ, ಮಿಕ್ಕವರ ಪಂಕ್ತಿಯಲ್ಲಿಯೇ ಎಲೆ ಹಾಕಿರಿ, ಒಪ್ಪಿದ ಹಣವನ್ನು ಚೌಕಾಸಿಯಿಲ್ಲದೆ ಸಲ್ಲಿಸಿರಿ. ಮಕ್ಕಳು ಬೆಂಚು ಬಾರಿಸಿದರೆ ಗದರುವುದಕ್ಕೆ ಮುಂಚೆ ಒಂದು ಕ್ಷಣ ಕಿವಿಗೊಡಿರಿ. ನಾನು ಹಾಗೆ ಮಾಡಲಿಲ್ಲ. ಅದರ ಬಡ್ಡಿಯನ್ನು ಮೂವತ್ತು ವರ್ಷ ಕಟ್ಟಿದೆನು. ಅಸಲು ಇನ್ನೂ ಹಾಗೆಯೇ ಇದೆ.