ಕಾಲ್‌ಶೀಟ್ ಕೊಡದ ಅರ್ಧ ಗಂಟೆ

ದಾವಣಗೆರೆಯ ಗ್ಯಾರೇಜೊಂದರಲ್ಲಿ ದುಡಿಯುವ ಅಭಿಮಾನಿಯೊಬ್ಬರ ಪತ್ರ ಈ ವಾರ ಮೇಜಿನ ಮೇಲಿದೆ. ಬೆಳಿಗ್ಗೆ 8ಕ್ಕೆ ಷಟರ್ ಎತ್ತಿದರೆ ಇಳಿಸೋದು ರಾತ್ರಿ 9ಕ್ಕಂತೆ. ಹುಬ್ಬಳ್ಳಿಯ ಸೋದರಮಾವ "ಬಾರೋ, ಪಾಲಿನಲ್ಲಿ ಗ್ಯಾರೇಜ್ ಹಾಕೋಣ" ಎಂದು ಕರೆದು ಮೂರು ತಿಂಗಳಾಯ್ತು. ಹೋಗಲೋ ಬೇಡವೋ ಅಂತ ಕೂತು ಯೋಚಿಸೋಕೂ ಪುರುಸೊತ್ತಿಲ್ಲ. "ಅಣ್ಣಾವ್ರು ಅಷ್ಟೊಂದು ಪಿಕ್ಚರ್ ಮಾಡ್ತಾ ಅಷ್ಟು ಶಾಂತವಾಗಿ ಹೇಗಿದ್ರು ಸಾರ್?" ಎಂದು ಕೇಳಿದ್ದಾರೆ.

ಒಳ್ಳೇ ಪ್ರಶ್ನೆ ಮಿತ್ರರೇ! ಮೊದಲು ಲೆಕ್ಕ ನೋಡಿ. ನಾಯಕರಾಗಿ ಬಂದದ್ದು 1954ರ 'ಬೇಡರ ಕಣ್ಣಪ್ಪ'ದಲ್ಲಿ. ನೂರನೇ ಚಿತ್ರ 'ಭಾಗ್ಯದ ಬಾಗಿಲು', 1968ರಲ್ಲಿ. 14 ವರ್ಷಕ್ಕೆ 100! ಅಂದ್ರೆ ಹೆಚ್ಚುಕಮ್ಮಿ 50 ದಿನಕ್ಕೊಂದು ಚಿತ್ರ. (ಈಗ 50 ದಿನ ಓಡಿದರೇ ಪೋಸ್ಟರ್ ಅಂಟಿಸ್ತಾರೆ, ಬಿಡಿ.) ಇನ್ನೂರನೆಯದು 1988ರ 'ದೇವತಾ ಮನುಷ್ಯ'. ವೇಗ ತಗ್ಗಿದರೂ ವರ್ಷಕ್ಕೆ 5. ಬಿಡುವು ಎಲ್ಲಿತ್ತು ಸ್ವಾಮಿ?

ಇರಲಿಲ್ಲ. ಮಾಡಿಕೊಂಡರು. ಹೊನ್ನಪ್ಪ ನಾಯ್ಕರ್ ಅವರಲ್ಲಿ ಯೋಗ ಕಲಿತರು. 1983ರ 'ಕಾಮನ ಬಿಲ್ಲು' ನೋಡಿದವರಿಗೆ ಗೊತ್ತು, 50 ದಾಟಿದ ಆ ಮೈ ಹೇಗೆ ಬಾಗುತ್ತೆ ಅಂತ! ಶಿಳ್ಳೆ ಹೊಡೆಯೋದು ಆಸನಕ್ಕೆ. ನನಗೆ ದೊಡ್ಡದಾಗಿ ಕಾಣೋದು ಅದರ ಹಿಂದಿನ ಹೊತ್ತು. ಅಂಥ ಪಟ್ಟು ಒಂದು ದಿನದಲ್ಲಿ ಬರೋದಲ್ಲ. ದಿನಾ ಅಷ್ಟು ಹೊತ್ತು ನಿರ್ಮಾಪಕರಿಗೂ ಕಾಲ್‌ಶೀಟ್ ಇಲ್ಲ, ನಮ್ಮಂಥ ಅಭಿಮಾನಿ ದೇವರುಗಳಿಗೂ ದರ್ಶನ ಇಲ್ಲ!

ನೀವು ಶೀರ್ಷಾಸನ ಹಾಕಬೇಕಿಲ್ಲ. ಭಾನುವಾರ ಪಿಕ್ಚರ್ ನೋಡಿ ಮನಸ್ಸು ಹಗುರ ಮಾಡ್ಕೋತೀನಿ ಅಂದಿದ್ದೀರಿ. ಸಿನಿಮಾ ಪತ್ರಿಕೆಯವನು ನಾನು, ಬೇಡ ಅನ್ನೋಕಾಗುತ್ತಾ? ಆದರೆ ಆ ಎರಡೂವರೆ ಗಂಟೆ ನೀವು ಯೋಚಿಸೋದು ಹೀರೋನ ಕಷ್ಟ, ನಿಮ್ಮದಲ್ಲ. ಮೊಬೈಲ್ ತಿಕ್ಕೋದೂ ಹಾಗೇ. ತಲೆ ತುಂಬುತ್ತೆ, ಖಾಲಿಯಾಗೋಲ್ಲ.

ಏಳೂವರೆಗೇ ಹೋಗಿ. ಷಟರ್ ಎತ್ತಬೇಡಿ. ಎತ್ತಿದಿರೋ, ಯಾವನೋ ಪಂಕ್ಚರ್ ಗಾಡಿ ತಳ್ಕೊಂಡು ಬಂದೇ ಬರ್ತಾನೆ. ಒಂದು ಟೀ ಹಿಡಿದು ಮೆಟ್ಟಿಲ ಮೇಲೆ ಸುಮ್ಮನೆ ಕೂತ್ಕೊಳ್ಳಿ, ಮೊಬೈಲ್ ಆಫ್ ಮಾಡಿ. ಮೊದಲ ಎರಡು ದಿನ ಹಳೇ ಜಗಳ, ಬರಬೇಕಾದ ಬಾಕಿ, ಇವೇ ತಲೆಗೆ ಬರೋದು. ಎದ್ದು ಹೋಗಬೇಡಿ. ಆಮೇಲೆ ದಿನಕ್ಕೊಂದೇ ವಿಷಯ ಹಿಡಿಯಿರಿ. ಇವತ್ತು ದುಡ್ಡು: ಮಾವ ಎಷ್ಟು ಹಾಕ್ತಾರೆ, ನಷ್ಟವಾದರೆ ಯಾರ ತಲೆಗೆ? ನಾಳೆ ಮನೆ: ನೀವು ಹೊರಟರೆ ಅಮ್ಮನ ಜೊತೆ ಯಾರು? ಇನ್ನೊಂದು ದಿನ, ಬೇಸರ ಕೆಲಸದ ಮೇಲೋ ಮಾಲೀಕರ ಮೇಲೋ ಅಂತ ನಿಮ್ಮನ್ನೇ ಕೇಳಿಕೊಳ್ಳಿ. ಇದೇ ಕಷ್ಟದ ಪ್ರಶ್ನೆ, ಇದಕ್ಕೆ ಒಂದು ಟೀ ಸಾಲದು.

ಮಾವನ ಹತ್ತಿರ 15 ದಿನ ವಾಯಿದೆ ಕೇಳಿ. ಹುಬ್ಬಳ್ಳಿಗೆ ಹೊರಟರೆ ಹೊಸ ವಿಳಾಸ ಒಂದು ಕಾರ್ಡಿನಲ್ಲಿ ಬರೆಯಿರಿ. ಹೊರಡದಿದ್ದರೂ ಬರೆಯಿರಿ.