ಬುತ್ತಿಯ ಜೊತೆಗೆ ಸ್ಪೇಸರ್

ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಇಂಡಿಯ ಹೊಲಕ್ಕೆ ಹೊರಟಾಗ ನಮ್ಮ ಮನೆಯಲ್ಲಿ ಎರಡು ಗಂಟು ಕಟ್ಟುತ್ತೇವೆ. ಒಂದರಲ್ಲಿ ಸಜ್ಜೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹೋಳಿಗೆ. ಇನ್ನೊಂದರಲ್ಲಿ ಮೊಮ್ಮಗಳ ಇನ್ಹೇಲರ್, ಸ್ಪೇಸರ್. ಅವಳಿಗೆ ಉಬ್ಬಸ; ನಮ್ಮ ಕಡೆ ದಮ್ಮು ಅಂತೇವೆ. ಅದೇ ಹೊತ್ತಿಗೆ ತೊಗರಿ ರಾಶಿ ನಡೆದಿರುತ್ತದೆ. ಮಷೀನು ತಿರುಗಿತೆಂದರೆ ಹೊಟ್ಟಿನ ಧೂಳು, ಮೇಲೆ ಬೆಳಗಿನ ಚಳಿ. ದಮ್ಮು ಹತ್ತುವುದು ಇಂಥಲ್ಲೇ. ಸ್ಪೇಸರ್ ಮಾತ್ರ ಬಹಳ ಮನೆಗಳಲ್ಲಿ ಕಪಾಟಿನೊಳಗೇ ಉಳಿದಿರುತ್ತದೆ.

ಮಕ್ಕಳೇ, ಈ ಇನ್ಹೇಲರ್ ಹುಟ್ಟಿದ್ದು ನಿಮ್ಮಂಥ ಒಬ್ಬ ಹುಡುಗಿಯ ಪ್ರಶ್ನೆಯಿಂದ. ಅಮೆರಿಕದ ಔಷಧ ಕಂಪನಿಯೊಂದರ ಮುಖ್ಯಸ್ಥ ಜಾರ್ಜ್ ಮೇಸನ್ ಅವರ 13 ವರ್ಷದ ಮಗಳಿಗೆ ಉಬ್ಬಸವಿತ್ತು. ಕೂದಲಿಗೆ ಹೊಡೆಯುವ ಸ್ಪ್ರೇ ಡಬ್ಬಿಯ ಹಾಗೆ ತನ್ನ ಔಷಧ ಯಾಕೆ ಬರಬಾರದೆಂದು 1955ರಲ್ಲಿ ಅವಳು ಅಪ್ಪನನ್ನು ಕೇಳಿದಳು. ಮರುವರ್ಷವೇ ಅಂಥದ್ದು ಮಾರುಕಟ್ಟೆಗೆ ಬಂತು.

ತೊಡಕು ಒಂದೇ. ಔಷಧ ಬಲು ಜೋರಾಗಿ ಚಿಮ್ಮುತ್ತದೆ. ಒತ್ತುವುದೂ ಉಸಿರೆಳೆಯುವುದೂ ಕೂಡಿ ಬರದಿದ್ದರೆ ಬಹುಪಾಲು ಗಂಟಲಿಗೇ ಬಡಿಯುತ್ತದೆ. ಸಣ್ಣವರಿಗೂ, ಕೈ ನಡುಗುವ ನನ್ನಂಥ ಅಜ್ಜಂದಿರಿಗೂ ಅದು ಕಷ್ಟ. ಸ್ಪೇಸರ್ ಎಂಬ ಪೊಳ್ಳು ಕೊಳವೆ ಆ ಮಂಜನ್ನು ಹಿಡಿದಿಡುತ್ತದೆ, ನಾವು ನಿಧಾನ ಎಳೆದುಕೊಂಡರಾಯಿತು. ಎರಡು ಹೋಳಾಗಿ ಬಿಚ್ಚುವಂಥದ್ದು ಶಾಲೆಯ ಚೀಲದಲ್ಲೂ ಹಿಡಿಸುತ್ತದೆ.

ಇನ್ಹೇಲರ್ ಅಲುಗಾಡಿಸಿ, ಸ್ಪೇಸರಿಗೆ ಸಿಕ್ಕಿಸಿ, ಒಂದೇ ಸಲ ಒತ್ತಬೇಕು. ನಿಧಾನ ಎಳೆದು ಹತ್ತು ಎಣಿಸುವ ತನಕ ಉಸಿರು ಹಿಡಿಯಬೇಕು. ಅದಾಗದ ಚಿಕ್ಕವರು ಅದರೊಳಗೇ ಐದಾರು ಸಲ ಸಾದಾ ಉಸಿರಾಡಲಿ. ಇನ್ನೊಂದು ಪಫ್ ಬೇಕಿದ್ದರೆ ಅರ್ಧ ನಿಮಿಷ ತಡೆದು ಮತ್ತೆ ಅಲುಗಾಡಿಸಿ. ಓಡುವ ಬಸ್ಸಿನಲ್ಲೂ ಇಷ್ಟು ಆಗುತ್ತದೆ. ಮುದ್ದೇಬಿಹಾಳದ ಬಸ್ಸಿನಲ್ಲಿ ಕಂಡಕ್ಟರ್ "ಏನವ್ವಾ ಅದು, ಪೀಪಿ ಏನು?" ಅಂದ. "ಇದು ಊದೂದಲ್ಲ ಮಾಮಾ, ಎಳಕೊಳ್ಳೂದು" ಅಂದಳು ನಮ್ಮಾಕಿ. ಬಸ್ಸೆಲ್ಲ ನಕ್ಕಿತು, ಅವಳೂ ನಕ್ಕಳು. ಅದಕ್ಕೂ ಮೊದಲು ನಾಚಿಕೊಂಡು ಇಳಿಯುವ ತನಕ ತಡೆಯುತ್ತಿದ್ದಳು. ಹಾಗೆ ತಡೆಯುವುದೇ ಅಪಾಯ.

ನನ್ನ ವಾರಿಗೆಯವರಿಗೊಂದು ಮಾತು. ಪಂಪಿನಿಂದ ಚಟ ಹತ್ತುತ್ತದೆ ಎಂದು ಬೀಗರ ಮುಂದೆ ಹೇಳಿ ಮಕ್ಕಳ ಕೈ ಹಿಡಿಯಬೇಡಿ. ಚಟ ಹತ್ತುವುದಿಲ್ಲ. ಗುಳಿಗೆಗಿಂತ ಬಹಳ ಕಡಿಮೆ ಔಷಧ ನೇರ ಶ್ವಾಸನಾಳಕ್ಕೆ ಹೋಗುತ್ತದೆ, ಅಷ್ಟೇ. ದಿನಾ ತಗೊಳ್ಳುವ ಸ್ಟೀರಾಯ್ಡ್ ಇನ್ಹೇಲರ್ ಆದರೆ ಬಳಿಕ ಬಾಯಿ ಮುಕ್ಕಳಿಸಿ ಉಗುಳಲು ನೀರಿನ ಬಾಟಲಿ ಜೊತೆಗಿರಲಿ.

ಬೇಸಗೆಯಲ್ಲಿ ಬಸವನ ಬಾಗೇವಾಡಿ ಕಡೆ ಹೊರಟಿರಾದರೆ ಇನ್ಹೇಲರನ್ನು ಗಾಡಿಯ ಮುಂಗಾಜಿನ ಕೆಳಗೆ ಇಡಬೇಡಿ. ನಮ್ಮ ಬಿಸಿಲು 40 ಡಿಗ್ರಿ ದಾಟುತ್ತದೆ, ಮುಚ್ಚಿದ ಗಾಡಿಯೊಳಗೆ ಇನ್ನೂ ಹೆಚ್ಚು, ಡಬ್ಬಿ ಸಿಡಿಯಬಹುದು. ಮನೆಗೆ ಮರಳಿದ ಮೇಲೆ ಸ್ಪೇಸರನ್ನು ಸಾಬೂನು ನೀರಿನಲ್ಲಿ ತೊಳೆದು ತಾನಾಗಿ ಆರಲು ಬಿಡಿ. ಬಟ್ಟೆಯಿಂದ ತಿಕ್ಕಿದರೆ ಔಷಧ ಪ್ಲಾಸ್ಟಿಕ್ಕಿಗೇ ಅಂಟುತ್ತದೆ. ತಲೆ ಬಾಚಿದ ಹಣಿಗೆ ಕಾಗದದ ಚೂರು ಎಳೆಯುತ್ತದಲ್ಲ, ಅದೇ ಕರಾಮತ್ತು.

ಸಿಂದಗಿಯ ಮದುವೆಮನೆಗೆ ಹೋಗಿ ಸ್ಪೇಸರ್ ಮರೆತದ್ದು ನೆನಪಾದರೆ? 500 ಮಿಲಿಲೀಟರಿನ ಖಾಲಿ ಪ್ಲಾಸ್ಟಿಕ್ ಬಾಟಲಿ ಹುಡುಕಿ. ತಳದಲ್ಲಿ ಇನ್ಹೇಲರಿನ ಬಾಯಿ ಬಿಗಿಯಾಗಿ ಕೂಡುವಷ್ಟು ತೂತು ಮಾಡಿ, ಸಂದಿ ಮುಚ್ಚಿ, ಬಾಟಲಿಯ ಬಾಯಿಂದ ಎಳೆದುಕೊಳ್ಳಿ. ದಕ್ಷಿಣ ಆಫ್ರಿಕದ ಮಕ್ಕಳ ವೈದ್ಯೆ ಹೆದರ್ ಝಾರ್ ಮತ್ತು ಸಂಗಡಿಗರು ಉಬ್ಬಸದ ಮಕ್ಕಳ ಮೇಲೆ ಇದನ್ನು ಪರೀಕ್ಷಿಸಿ 1999ರಲ್ಲಿ ಪ್ರಕಟಿಸಿದರು. ಸಂದಿ ಮುಚ್ಚಿದ ಬಾಟಲಿ ಅಂಗಡಿಯ ಸ್ಪೇಸರಿನಷ್ಟೇ ಕೆಲಸ ಮಾಡಿತ್ತು. ಇಷ್ಟಾದರೂ ಮಗುವಿಗೆ ಒಂದು ವಾಕ್ಯ ಪೂರ್ತಿ ಆಡಲು ಆಗದಿದ್ದರೆ, ತುಟಿ ನೀಲಿಯಾದರೆ, ಉಪಚಾರ ನಿಲ್ಲಿಸದೆ 108ಕ್ಕೆ ಫೋನ್ ಮಾಡಿ.